ಅಮೆರಿಕನ್ ಫುಟ್‌ಬಾಲ್ ಶೂ ಕೋಲಾರದ ಮೈದಾನಕ್ಕೆ ಒಗ್ಗೀತೆ? ಮೂರು ತಿಂಗಳು ಬಳಸಿದ ಮೇಲೆ

ನನ್ನ ಅಣ್ಣನ ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ಕೋಲಾರದ ತನ್ನ ಶಾಲಾ ತಂಡದಲ್ಲಿ ಬಲಬದಿಯ ಫಾರ್ವರ್ಡ್ ಆಗಿ ಫುಟ್‌ಬಾಲ್ ಆಡುತ್ತಾನೆ. ಟೆಕ್ಸಸ್‌ನಲ್ಲಿರುವ ಅವನ ಸೋದರಮಾವ ಊರಿಗೆ ಬಂದಾಗ ‘ಫುಟ್‌ಬಾಲ್ ಕ್ಲೀಟ್ಸ್’ ಎಂದು ಮುದ್ರಿಸಿದ್ದ ಪೆಟ್ಟಿಗೆಯೊಂದನ್ನು ಪ್ರೀತಿಯಿಂದ ತಂದುಕೊಟ್ಟರು. ಅಡಿಯಲ್ಲಿ ಸ್ಟಡ್ ಎಂಬ ಗುಬುಟುಗಳಿರುವ, ನಾವು ಸ್ಟಡ್ಸ್ ಎನ್ನುವ ಶೂಗಳನ್ನು ಅಲ್ಲಿಯವರು ಕ್ಲೀಟ್ಸ್ ಎನ್ನುತ್ತಾರೆ ಎಂಬುದು ನಮಗೆ ಗೊತ್ತಿತ್ತು. ಆದರೆ ಅಲ್ಲಿ ಫುಟ್‌ಬಾಲ್ ಎಂದರೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಅವಚಿಕೊಂಡು ಓಡುವ ಆಟ, ನಮ್ಮ ಫುಟ್‌ಬಾಲಿಗೆ ಅಲ್ಲಿ ಸಾಕರ್ ಎಂದು ಹೆಸರು ಎಂಬುದು ಪೆಟ್ಟಿಗೆ ಬಿಚ್ಚಿದ ಸಂಭ್ರಮದಲ್ಲಿ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಶೂ ಕಳಪೆಯದಲ್ಲ, ಇದನ್ನು ಮೊದಲೇ ಹೇಳಬೇಕು. ಹೊಲಿಗೆ ಗಟ್ಟಿಯಾಗಿದೆ, ಮೂರು ತಿಂಗಳಲ್ಲಿ ಒಂದು ಎಳೆಯೂ ಬಿಟ್ಟಿಲ್ಲ. ಅದನ್ನು ಮಾಡಿರುವುದು ಬೇರೆ ಆಟಕ್ಕೆ ಎಂಬುದಷ್ಟೇ ತೊಂದರೆ, ಮತ್ತು ಆ ತೊಂದರೆ ಸಣ್ಣದಲ್ಲ.

ಶೂವನ್ನು ಮಗುಚಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಹಿಮ್ಮಡಿಯಲ್ಲಿ ನಾಲ್ಕು ಸ್ಟಡ್‌ಗಳು, ಮುಂಭಾಗದ ಎರಡೂ ಅಂಚುಗಳಲ್ಲಿ ಮೂರು ಮೂರು, ಅವೆಲ್ಲಕ್ಕಿಂತ ಮುಂದೆ, ಹೆಬ್ಬೆರಳಿನ ತುದಿಯ ಕೆಳಗೆ ಸರಿಯಾಗಿ ನಡುವೆ, ಒಂಟಿ ಸ್ಟಡ್ ಒಂದಿದೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಆಟಗಾರ ಬಗ್ಗಿ ಕುಳಿತ ಭಂಗಿಯಿಂದ ಒಮ್ಮೆಲೇ ಮುನ್ನುಗ್ಗಬೇಕು, ಎದುರಾಳಿಯನ್ನು ಮೈಕೊಟ್ಟು ತಳ್ಳಬೇಕು. ಆಗ ಕಾಲ್ಬೆರಳು ನೆಲವನ್ನು ಕಚ್ಚಿ ಹಿಡಿಯಲು ಈ ಸ್ಟಡ್ ಬೇಕೇ ಬೇಕು. ನಮ್ಮ ಆಟದಲ್ಲಿ ಕಾಲು ನೆಲವನ್ನು ಸವರಿಕೊಂಡು ಚೆಂಡಿನ ಬುಡಕ್ಕೆ ಹೋಗಬೇಕಾದುದರಿಂದ ಅದೇ ಸ್ಟಡ್ ದಾರಿಗೆ ಅಡ್ಡವಾಗುತ್ತದೆ. ಮೊದಲ ದಿನ ಸಂಜೆ ಅವನು ಹೊಡೆದ ಮೂರನೆಯ ಕಿಕ್‌ನಲ್ಲಿ ಚೆಂಡು ನಾಲ್ಕು ಹೆಜ್ಜೆಯಷ್ಟು ಉರುಳಿ ನಿಂತಿತು. ಚೆಂಡು ಇದ್ದ ಜಾಗದ ಹಿಂದೆ ಕೆಮ್ಮಣ್ಣಿನಲ್ಲಿ ನೇಗಿಲು ಎಳೆದಂತೆ ಗೇಣುದ್ದದ ಗೀರು ಬಿದ್ದಿತ್ತು. “ಚಿಕ್ಕಪ್ಪ, ಚೆಂಡು ಒದೆಯೋಕೆ ಹೋದ್ರೆ ನೆಲಾನೇ ಒದ್ದಂಗಾಗ್ತದೆ” ಎಂದು ಅವನು ಅಂದೇ ಹೇಳಿದ. ರೂಢಿಯಾದರೆ ಸರಿಹೋಗುತ್ತದೆ ಎಂದು ನಾನು ಅವನ ಮಾತನ್ನು ತಳ್ಳಿಹಾಕಿದ್ದು ತಪ್ಪಾಯಿತು. ಎರಡನೆಯ ವಾರ ಓಡುತ್ತ ತಿರುಗುವಾಗ ಆ ಸ್ಟಡ್ ನೆಲಕ್ಕೆ ಸಿಕ್ಕಿ ಅವನು ಮುಗ್ಗರಿಸಿದ. ಅಂಗೈ ತರಚಿತು, ಹೆಬ್ಬೆರಳು ಊದಿ ನಾಲ್ಕು ದಿನ ಶಾಲೆಗೆ ಚಪ್ಪಲಿಯಲ್ಲೇ ಹೋದ.

ತೂಕದಲ್ಲೂ ಹೊಂದಿಕೆಯಿಲ್ಲ. ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇದರ ಒಂದು ಕಾಲು 400 ಗ್ರಾಂ ದಾಟಿತು. ಅವನ ಹಳೆಯ ಸ್ಟಡ್ಸ್ 250 ಗ್ರಾಂನಷ್ಟಿತ್ತು. ಡಿಕ್ಕಿಯ ಪೆಟ್ಟು ತಡೆಯಲು ಮೇಲ್ಭಾಗಕ್ಕೆ ದಪ್ಪ ಪದರ ಕೊಟ್ಟು ಕಣಕಾಲಿನವರೆಗೂ ಎತ್ತರಿಸಿದ್ದಾರೆ. ಪಾಸ್ ಬಂದಾಗ ಚೆಂಡು ಪಾದದ ಯಾವ ಭಾಗಕ್ಕೆ ತಾಗಿತೆಂಬುದು ಚರ್ಮಕ್ಕೆ ತಿಳಿಯಬೇಕು, ಅದೇ ನಮ್ಮ ಆಟದ ಜೀವ. ಈ ಶೂನಲ್ಲಿ ಅದು ತಿಳಿಯುವುದೇ ಇಲ್ಲ.

ಶಾಲೆಗಳ ನಡುವಿನ ಪಂದ್ಯವೊಂದರಲ್ಲಿ ರೆಫರಿಯವರು ಆಟ ಶುರುವಾಗುವ ಮುನ್ನ ಎಲ್ಲರ ಶೂಗಳ ಅಡಿಯನ್ನು ಕೈಯಿಂದ ಸವರಿ ನೋಡುತ್ತ ಬಂದವರು ಇವನ ಮುಂದೆ ನಿಂತುಬಿಟ್ಟರು. ಫುಟ್‌ಬಾಲ್ ನಿಯಮಾವಳಿಯ 4ನೆಯ ನಿಯಮದ ಪ್ರಕಾರ ಆಟಗಾರನು ಅಪಾಯಕಾರಿಯಾದ ಯಾವ ವಸ್ತುವನ್ನೂ ಧರಿಸುವಂತಿಲ್ಲ. ಚೆಂಡಿಗಾಗಿ ಇಬ್ಬರು ಕಾಲು ಚಾಚಿದಾಗ ತುದಿಯ ಸ್ಟಡ್ ಎದುರಾಳಿಯ ಮೊಣಕಾಲಿನ ಕೆಳಗೇ ನಾಟುತ್ತದೆ ಎಂದು ಅವರು ಸಮಾಧಾನದಿಂದಲೇ ವಿವರಿಸಿದರು. ಅವನು ಗೆಳೆಯನೊಬ್ಬನ ಶೂ ಎರವಲು ಪಡೆದು ಆಡಬೇಕಾಯಿತು. ರೆಫರಿಯವರು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಆ ಒಂದು ಸ್ಟಡ್ ತೆಗೆಸಿದರೆ ಸಾಕಲ್ಲವೇ ಎಂದು ಹಲವರು ಕೇಳಿದರು. ನಾವು ಅದನ್ನೂ ಮಾಡಿ ನೋಡಿದೆವು. ತಿರುಪಿನ ಸ್ಟಡ್ ಇರುವ ಶೂ ಆಗಿದ್ದರೆ ಬಿಚ್ಚಿ ಇಡಬಹುದಿತ್ತು, ನಮ್ಮದು ಅಡಿಯೊಂದಿಗೇ ಅಚ್ಚಿನಲ್ಲಿ ಎರಕವಾಗಿ ಬಂದದ್ದು. ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಅದನ್ನು ಬ್ಲೇಡಿನಿಂದ ಕೊಯ್ದು, ಚೂಪು ಉಳಿಯದಂತೆ ಅರದಿಂದ ಉಜ್ಜಿಕೊಟ್ಟರು. ಕಾಲು ನೆಲಕ್ಕೆ ಸಿಕ್ಕುವುದು ನಿಂತಿತು. ಆದರೆ ಭಾರ, ದಪ್ಪ, ಬಗ್ಗದ ಅಡಿ ಎಲ್ಲವೂ ಹಾಗೆಯೇ ಉಳಿದವು.

ಇಷ್ಟರ ಮೇಲೆ ನಮ್ಮ ನೆಲದ ಗುಣವೊಂದಿದೆ. ಸ್ಟಡ್‌ನ ಉದ್ದವನ್ನು ತೀರ್ಮಾನಿಸುವುದು ನೆಲವೇ. 1954ರ ವಿಶ್ವಕಪ್ ಫೈನಲ್‌ನಲ್ಲಿ, ಬರ್ನ್ ನಗರದ ಮಳೆಯಲ್ಲಿ, ಪಶ್ಚಿಮ ಜರ್ಮನಿಯವರು ತಿರುಪಿನ ಉದ್ದ ಸ್ಟಡ್‌ಗಳನ್ನು ಹಾಕಿಕೊಂಡು ಹಂಗೆರಿಯನ್ನು 3–2ರಿಂದ ಸೋಲಿಸಿದ್ದು ಒದ್ದೆ ಹುಲ್ಲಿನ ಮೇಲೆ. ಕೋಲಾರದ ಶಾಲಾ ಮೈದಾನಗಳಲ್ಲಾಗಲಿ, ಗಣಿಗಳ ಕಾಲದಿಂದಲೂ ಫುಟ್‌ಬಾಲ್ ಆಡುತ್ತ ಬಂದ ಕೆಜಿಎಫ್‌ನಲ್ಲಾಗಲಿ ನಮ್ಮ ಹುಡುಗರಿಗೆ ವರ್ಷದ ಬಹುಕಾಲ ಸಿಗುವುದು ಬಿರುಸಾದ ಗರಸು ನೆಲ. ಇಲ್ಲಿ ಉದ್ದ ಸ್ಟಡ್ ಒಳಗೆ ಇಳಿಯುವುದೇ ಇಲ್ಲ. ದೇಹದ ಭಾರವೆಲ್ಲ ಹತ್ತು ಹನ್ನೊಂದು ಬಿಂದುಗಳ ಮೇಲೆ ನಿಂತು ಅಂಗಾಲು ಉರಿಯುತ್ತದೆ. ಅಪ್ಪಟ ಸಾಕರ್ ಶೂ ಆಗಿದ್ದರೂ ಲೋಹದ ತುದಿಯ ಸ್ಟಡ್ ಇಲ್ಲಿಗೆ ಬೇಡ ಎಂದೇ ಹೇಳುತ್ತೇನೆ. ಅಡಿಯ ತುಂಬ ಚಿಕ್ಕ ಚಿಕ್ಕ ರಬ್ಬರ್ ಗುಬುಟುಗಳಿರುವ ಟರ್ಫ್ ಶೂ ಈ ನೆಲಕ್ಕೆ ಚೆನ್ನಾಗಿ ಕೂರುತ್ತದೆ. ಈಗ ಅವನು ಹಾಕುತ್ತಿರುವುದು ಜಲಂಧರ್‌ನಲ್ಲಿ ತಯಾರಾದ ಅಂಥದ್ದೇ ಜೋಡಿ. ಬೆಲೆ 1,100 ರೂಪಾಯಿ ಆಯಿತು. ಹಾಕಿದ ಮೊದಲ ಸಂಜೆಯೇ ಅವನು ಬದಿಯಿಂದ ಹೊಡೆದ ಕ್ರಾಸ್‌ಗಳು ಗೋಲಿನ ಮುಂದೆ ಬೀಳತೊಡಗಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಇದರ ತಿರುವುಮುರುವು ನಡೆಯುತ್ತದೆ ಎಂಬುದು ಕುತೂಹಲದ ಸಂಗತಿ: ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಒದೆಯುವುದೇ ಕೆಲಸವಾಗಿರುವ ಕಿಕ್ಕರ್‌ಗಳಲ್ಲಿ ಅನೇಕರು ಸಾಕರ್ ಶೂಗಳನ್ನೇ ಧರಿಸುತ್ತಾರೆ.

ಅಮೆರಿಕದಲ್ಲಿರುವ ನೆಂಟರಿಂದ ಮಕ್ಕಳಿಗೆ ಶೂ ತರಿಸುವವರು ಪೆಟ್ಟಿಗೆಯ ಮೇಲೆ ಸಾಕರ್ ಎಂದು ಬರೆದಿರುವುದನ್ನೇ ಕೇಳಿ ತರಿಸಬೇಕು, ಹೆಬ್ಬೆರಳ ತುದಿಯ ಕೆಳಗೆ ಒಂಟಿ ಸ್ಟಡ್ ಇಲ್ಲವೆಂದು ಅಡಿಯ ಫೋಟೋ ತರಿಸಿ ನೋಡಬೇಕು. ಅಳತೆಯನ್ನೂ ವಿಚಾರಿಸಿಕೊಳ್ಳಬೇಕು, ಗಂಡಸರ ಶೂಗಳಲ್ಲಿ ಅಲ್ಲಿಯ 9 ನಮ್ಮ ಅಂಗಡಿಗಳ 8ಕ್ಕೆ ಹೆಚ್ಚು ಕಡಿಮೆ ಸಮ.