ವೀಸಾ ಅಸಲಿ, ಕೆಲಸ ಅಸಲಿ, ಸುಲಿಗೆ ಮಾತ್ರ ನಗದಿನಲ್ಲಿ

ಆಸ್ಟ್ರೇಲಿಯಾದ ಕೆಲಸದ ಮಾತು ಬಂದರೆ ಊರಿನವರು ಫೋನಿನಲ್ಲಿ ಮೊದಲು ಕೇಳುವುದು ಒಂದೇ: ವೀಸಾ ಅಸಲಿಯೋ ನಕಲಿಯೋ? ನನ್ನದು ಅಸಲಿ. ಕೆಲಸ ಕೊಟ್ಟ ರೆಸ್ಟೋರೆಂಟ್ ನಿಜವಾಗಿಯೂ ಇತ್ತು, ಕರಾರುಪತ್ರದಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ, ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ನೋಡಿದರೂ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಆದರೂ ಒಂದು ವರ್ಷಕ್ಕೂ ಹೆಚ್ಚು ಕಾಲ ನನ್ನನ್ನು ಸುಲಿದರು. ಕಾಗದಪತ್ರ ಸರಿಯಿದೆ ಎಂದು ನೆಮ್ಮದಿಯಾಗಿ ಹೊರಟಿರುವವರು ದಯವಿಟ್ಟು ಇದನ್ನು ಓದಿ.

ನಾನು ಅಡುಗೆಯವನಾಗಿ ಹೋದದ್ದು 494 ಎಂಬ ವೀಸಾದಲ್ಲಿ. 2019ರ ನವೆಂಬರ್‌ನಲ್ಲಿ ಜಾರಿಗೆ ಬಂದದ್ದು. ಸಿಡ್ನಿ, ಮೆಲ್ಬೋರ್ನ್, ಬ್ರಿಸ್ಬೇನ್ ಮಹಾನಗರಗಳ ಆಚೆ ಅಡುಗೆಯವರು, ನರ್ಸ್‌ಗಳು, ವೆಲ್ಡರ್‌ಗಳು, ಮೆಕ್ಯಾನಿಕ್‌ಗಳು ಸಿಗುವುದಿಲ್ಲವಾದ್ದರಿಂದ, ಅಂಥ ಊರುಗಳ ಮಾಲೀಕರು ಹೊರದೇಶದವರನ್ನು ಪ್ರಾಯೋಜಿಸಿ ಕರೆಸಿಕೊಳ್ಳಲಿ ಎಂಬುದು ಅದರ ಉದ್ದೇಶ. ಆ ಮೂರರ ಆಚೆಯದ್ದನ್ನೆಲ್ಲ ಪ್ರಾದೇಶಿಕ ಎನ್ನುತ್ತಾರೆ; ಪರ್ತ್, ಅಡಿಲೇಡ್‌ನಂಥ ದೊಡ್ಡ ನಗರಗಳೂ ಈ ಲೆಕ್ಕದಲ್ಲಿ ಪ್ರಾದೇಶಿಕವೇ. ವೀಸಾದ ಅವಧಿ 5 ವರ್ಷ. 3 ವರ್ಷ ಕಳೆದ ಮೇಲೆ 191 ಎಂಬ ಕಾಯಂ ವೀಸಾಕ್ಕೆ ಅರ್ಜಿ ಹಾಕಬಹುದು. ಎಲ್ಲರೂ ಪಿಆರ್ ಎಂದು ಜಪಿಸುವುದು ಇದನ್ನೇ. ನಮ್ಮಂಥವರ ಮೂಗುದಾರವೂ ಇದೇ.

ಮಂಗಳೂರಿನ ಏಜೆಂಟ್ ಹೇಳಿದ ಮೊತ್ತ 18 ಲಕ್ಷ ರೂಪಾಯಿ. ಯಾವುದಕ್ಕೆ ಎಷ್ಟು ಎಂದು ಕೇಳಿದರೆ "ಅದೆಲ್ಲ ಪ್ಯಾಕೇಜ್, ಬಿಡಿಸಿ ಹೇಳಲಿಕ್ಕೆ ಆಗುವುದಿಲ್ಲ. ನಿಮ್ಮ ಹಿಂದೆ ಇನ್ನೂ ಹತ್ತು ಜನ ನಿಂತಿದ್ದಾರೆ" ಎಂಬ ಉತ್ತರ. ಬಿಡಿಸಿ ಹೇಳಲಾಗದ್ದು ಯಾಕೆಂದು ನಾನೇ ಹೇಳುತ್ತೇನೆ. ವೀಸಾ ಅರ್ಜಿಯ ಶುಲ್ಕ, ಇಂಗ್ಲಿಷ್ ಪರೀಕ್ಷೆ, ಕೌಶಲ ಪರಿಶೀಲನೆ, ವೈದ್ಯಕೀಯ ತಪಾಸಣೆ, ನೀವೇ ಗೊತ್ತು ಮಾಡಿಕೊಂಡ ಸಲಹೆಗಾರರ ಸಂಭಾವನೆ ಇವು ನಿಮ್ಮ ಖರ್ಚು, ಕೊಡಬಹುದು. ಇಂಥ ಕೆಲಸಕ್ಕೆ ಇವನನ್ನು ಕರೆಸುತ್ತೇನೆಂದು ಮಾಲೀಕ ಸರ್ಕಾರಕ್ಕೆ ಸಲ್ಲಿಸುವ ನಾಮನಿರ್ದೇಶನದ ಖರ್ಚು ಮತ್ತು ಅದರ ಜೊತೆ ಅವನು ಸರ್ಕಾರಕ್ಕೆ ಕಟ್ಟಬೇಕಾದ ತರಬೇತಿ ನಿಧಿಯ ವಂತಿಗೆ ಅವನವೇ. ಸಣ್ಣ ವ್ಯಾಪಾರಿಯಾದರೆ ವಂತಿಗೆ 3,000 ಡಾಲರ್, ದೊಡ್ಡವನಾದರೆ 5,000. ಇದನ್ನು ಕೆಲಸಗಾರನಿಂದ ವಸೂಲಿ ಮಾಡುವಂತಿಲ್ಲ. ಇನ್ನು ಪ್ರಾಯೋಜಿಸಿದ್ದಕ್ಕೆಂದೇ ದುಡ್ಡು ಪಡೆಯುವುದು 2015ರ ಡಿಸೆಂಬರ್‌ನಿಂದ ಅಲ್ಲಿ ಅಪರಾಧ. ಕೊಡುವವನಿಗೂ ದಂಡವಿದೆ. ದುಡ್ಡು ಕೊಟ್ಟವನು ಎಲ್ಲಿಯೂ ಬಾಯಿ ಬಿಡಲಾರ ಎಂಬ ಏಜೆಂಟರ ಧೈರ್ಯ ಬರುವುದು ಈ ಕೊನೆಯ ಮಾತಿನಿಂದ. ಆಸ್ಟ್ರೇಲಿಯಾದಲ್ಲಿ ಕುಳಿತು ವೀಸಾ ಸಲಹೆ ಕೊಡುವ ಏಜೆಂಟನಿಗೆ ಏಳಂಕಿಯ ನೋಂದಣಿ ಸಂಖ್ಯೆ ಇರಲೇಬೇಕು. ಭಾರತದಲ್ಲಿ ಕುಳಿತವನಿಗೆ ಆ ಕಾನೂನು ತಾಗುವುದಿಲ್ಲ.

2024ರ ಆಗಸ್ಟ್‌ನಲ್ಲಿ ವಿಕ್ಟೋರಿಯಾದ ಒಳನಾಡಿನ ಒಂದು ಊರಿಗೆ ಹೋದೆ. ಮಾಲೀಕರು ನಮ್ಮ ದೇಶದವರೇ, ಮೊದಲ ವಾರ ಊಟ ಹಾಕಿ ತಮ್ಮನಂತೆ ನೋಡಿಕೊಂಡರು. ಕರಾರಿನಲ್ಲಿ ವರ್ಷಕ್ಕೆ 70,000 ಡಾಲರ್, ವಾರಕ್ಕೆ 38 ಗಂಟೆ. ಅರ್ಜಿ ಹಾಕಿದಾಗ ಇಂಥ ವೀಸಾಕ್ಕೆ ಕೊಡಲೇಬೇಕಿದ್ದ ಕನಿಷ್ಠ ಸಂಬಳ ಅಷ್ಟೇ ಇತ್ತು. ಪ್ರತಿ ವಾರ ತೆರಿಗೆ ಕಳೆದು 1,100 ಡಾಲರ್ ಚಿಲ್ಲರೆ ಬ್ಯಾಂಕಿಗೆ ತಪ್ಪದೆ ಬೀಳುತ್ತಿತ್ತು. ಅದೇ ಸಂಜೆ 400 ಡಾಲರ್ ಎಟಿಎಂನಿಂದ ತೆಗೆದು ಲಕೋಟೆಯಲ್ಲಿ ಹಾಕಿ ಕ್ಯಾಶ್ ಕೌಂಟರಿನ ಕೆಳಗಿಡಬೇಕು. "ನಿಮ್ಮ ಮೇಲೆ ಹಾಕಿದ ಖರ್ಚು" ಎನ್ನುತ್ತಿದ್ದರು. ಕೆಲಸ ವಾರಕ್ಕೆ 60 ಗಂಟೆ. ತಂದೂರ್ ಒಲೆಯಿಂದ ಹಿಡಿದು ಶೌಚಾಲಯದವರೆಗೆ ಎಲ್ಲವೂ ನನ್ನ ಪಾಲು, ರಾತ್ರಿ ಪಾರ್ಸೆಲ್ ಹಂಚುವುದೂ ಸೇರಿ. ಇದು ಬರೀ ಕಷ್ಟದ ಮಾತಲ್ಲ. ಆ ವೀಸಾದಲ್ಲಿ ನಾಮನಿರ್ದೇಶನವಾದ ಕಸುಬನ್ನೇ ಮಾಡಬೇಕೆಂಬ ಷರತ್ತಿದೆ. ಮಾಲೀಕ ಹೇಳಿದನೆಂದು ಬೇರೆ ಕೆಲಸ ಮಾಡುತ್ತಾ ಹೋದರೆ ಷರತ್ತು ಮುರಿದವರ ಲೆಕ್ಕಕ್ಕೆ ಸೇರುವವರು ನೀವು.

ಲೆಕ್ಕ ಹಾಕಿ ನೋಡಿ. ತೆರಿಗೆಗೆ ಮುಂಚಿನ ಸಂಬಳದಲ್ಲಿ ಆ 400 ಕಳೆದು 60ರಿಂದ ಭಾಗಿಸಿದರೆ ಗಂಟೆಗೆ 16 ಡಾಲರ್ ಕೂಡ ಆಗುವುದಿಲ್ಲ. ಆ ವರ್ಷ ದೇಶದ ಕನಿಷ್ಠ ವೇತನ ಗಂಟೆಗೆ 24.10 ಡಾಲರ್. ನನ್ನ ಕೈಗೆ ಸಿಗದ ಆ 400ಕ್ಕೂ ತೆರಿಗೆ ಕಟ್ಟಿದವನು ನಾನೇ! ಸೂಪರ್ ಎಂದು ಕರೆಯುವ ನಿವೃತ್ತಿ ನಿಧಿಗೆ ಮಾಲೀಕ ಸಂಬಳದ ಮೇಲೆ ಆಗ ಶೇ. 11.5ರಷ್ಟು ಪ್ರತ್ಯೇಕವಾಗಿ ಕಟ್ಟಬೇಕಿತ್ತು. ಸಂಬಳದ ಚೀಟಿಯಲ್ಲಿ ಆ ಸಾಲು ಇತ್ತು, ನಿಧಿಯಲ್ಲಿ ಹಣ ಇರಲಿಲ್ಲ.

ಬಿಟ್ಟು ಬರಬಹುದಿತ್ತಲ್ಲ ಎಂದು ಬಹಳ ಮಂದಿ ಕೇಳಿದ್ದಾರೆ. ಮಾಲೀಕರು ಎರಡು ಮಾತು ಹೇಳಿ ಹೆದರಿಸುತ್ತಿದ್ದರು. ಕೆಲಸ ಬಿಟ್ಟ ಮರುದಿನವೇ ವೀಸಾ ರದ್ದು. ಮೂರು ವರ್ಷದ ಕೊನೆಗೆ ಪಿಆರ್ ಅರ್ಜಿಗೆ ಅವರ ಸಹಿ ಬೇಕು. ಎರಡೂ ಶುದ್ಧ ಸುಳ್ಳು. ವೀಸಾ ರದ್ದುಮಾಡುವ ಅಧಿಕಾರ ಸರ್ಕಾರದ ಗೃಹ ಇಲಾಖೆಯದು, ಮಾಲೀಕನದಲ್ಲ. 2024ರ ಜುಲೈ 1ರಿಂದ, ಕೆಲಸ ಬಿಟ್ಟವರಿಗೆ ಹೊಸ ಪ್ರಾಯೋಜಕನನ್ನು ಹುಡುಕಿಕೊಳ್ಳಲು ಒಂದು ಸಲಕ್ಕೆ 180 ದಿನ, ವೀಸಾದ ಇಡೀ ಅವಧಿಯಲ್ಲಿ ಒಟ್ಟು 365 ದಿನ ಸಮಯವಿದೆ. ಆ ಹೊತ್ತಿನಲ್ಲಿ ಬೇರೆಡೆ ದುಡಿದು ಹೊಟ್ಟೆ ಹೊರೆಯಲೂಬಹುದು, ಪ್ರಾದೇಶಿಕ ಸೀಮೆ ದಾಟಬಾರದು ಅಷ್ಟೇ. 191ಕ್ಕೆ ಯಾವ ಮಾಲೀಕನ ನಾಮನಿರ್ದೇಶನವೂ ಬೇಕಿಲ್ಲ. ಮೂರು ವರ್ಷ ವೀಸಾ ಹೊಂದಿ ಷರತ್ತು ಪಾಲಿಸಿರಬೇಕು, ತೆರಿಗೆ ಇಲಾಖೆ ಕೊಡುವ ಮೂರು ವರ್ಷದ ತೆರಿಗೆ ನಿರ್ಧಾರಪತ್ರ ಇರಬೇಕು. ವೀಸಾದ ನೆಪದಲ್ಲಿ ಕೆಲಸಗಾರನನ್ನು ಬೆದರಿಸಿ ಬಗ್ಗಿಸುವುದೇ ಅದೇ ಜುಲೈನಿಂದ ಅಪರಾಧವಾಗಿದೆ. ಇವೆಲ್ಲ ನನಗೆ ತಿಳಿದದ್ದು ಪಕ್ಕದ ಊರಿನ ಗ್ರಂಥಾಲಯದಲ್ಲಿ ಕಾರ್ಮಿಕ ಕಾನೂನಿನ ಉಚಿತ ಸಲಹೆಗೆ ಕುಳಿತಿದ್ದ ಒಬ್ಬ ಹಿರಿಯ ವಕೀಲೆಯಿಂದ. ಅವರು ಇಷ್ಟನ್ನೂ ಹೇಳಿ ಮುಗಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ನಗದು ಕೊಟ್ಟದ್ದಕ್ಕೆ ರಸೀದಿ ಎಲ್ಲಿ ಎಂಬ ಚಿಂತೆ ಬೇಡ. ಪ್ರತಿ ವಾರ ಸಂಬಳ ಬಿದ್ದ ದಿನವೇ, ರೆಸ್ಟೋರೆಂಟಿನ ಎದುರಿನ ಎಟಿಎಂನಿಂದಲೇ ಸರಿಯಾಗಿ 400 ಡಾಲರ್ ತೆಗೆದದ್ದನ್ನು ಬ್ಯಾಂಕಿನ ಪಟ್ಟಿಯೇ ಹೇಳುತ್ತದೆ. ಪಾಳಿಯ ಹಾಳೆಯ ಫೋಟೊ, "ಇವತ್ತಿನದು ಇನ್ನೂ ಬಂದಿಲ್ಲ" ಎಂದು ಮಾಲೀಕರು ಕಳಿಸಿದ ವಾಟ್ಸ್ಆ್ಯಪ್ ಸಂದೇಶ, ದಿನಚರಿಯಲ್ಲಿ ಬರೆದಿಟ್ಟ ಗಂಟೆಗಳು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಈಗಾಗಲೇ ಸಿಕ್ಕಿಬಿದ್ದವರು ಇವತ್ತಿನಿಂದಲೇ ಕೂಡಿಡಿ, ಮತ್ತು ಪ್ರತಿಗಳನ್ನು ಮಾಲೀಕರು ಕೊಟ್ಟ ಫೋನಿನಲ್ಲಿ ಇಡಬೇಡಿ.

ಇನ್ನೂ ಹೊರಡದವರು ವೀಸಾ ಪತ್ರಕ್ಕಿಂತ ಮೊದಲು ಆ ಅಡುಗೆಮನೆಯಲ್ಲಿ ನಿಮಗಿಂತ ಮುಂಚೆ ಇದ್ದವನನ್ನು ಹುಡುಕಿ. ಈಗಿರುವವನನ್ನು ಕೇಳಬೇಡಿ, ಅವನ ಪಕ್ಕದಲ್ಲಿ ಮಾಲೀಕ ನಿಂತಿರುತ್ತಾನೆ. ಬಿಟ್ಟುಹೋದವನ ನಂಬರ್ ಏಜೆಂಟ್ ಕೊಡದಿದ್ದರೆ ಅಲ್ಲಿಗೇ ಮಾತು ಮುಗಿಸಿ. ಸಂಬಳದ ವಿಷಯವನ್ನೂ ಆ ವರ್ಷದ ಕನಿಷ್ಠ ಮಿತಿಗೆ ಹೊಂದಿಸಿ ನೋಡಿ: ಅದು ಪ್ರತಿ ಜುಲೈಗೆ ಏರುತ್ತದೆ, 2025ರ ಜುಲೈನಲ್ಲಿ 76,515 ಡಾಲರ್ ಆಯಿತು. ಕರಾರಿನಲ್ಲಿ ಸರಿಯಾಗಿ ಆ ಮಿತಿಯನ್ನೇ ಬರೆದು, ಅನುಭವಿಗೂ ಹೊಸಬನಿಗೂ ಅಷ್ಟೇ ಎನ್ನುವ ಸಣ್ಣ ಅಂಗಡಿಯ ಬಗ್ಗೆ ನನಗಂತೂ ಅನುಮಾನ.

ನಾನೀಗ ಅದೇ ರಾಜ್ಯದ ಇನ್ನೊಂದು ಊರಿನ ವೃದ್ಧಾಶ್ರಮದ ಅಡುಗೆಮನೆಯಲ್ಲಿದ್ದೇನೆ. ಹೊಸ ಸಂಸ್ಥೆಯವರು ಅದೇ ಕಸುಬಿಗೆ ಹೊಸ ನಾಮನಿರ್ದೇಶನ ಹಾಕಿ ಮಂಜೂರು ಮಾಡಿಸಿಕೊಂಡರು. ನನ್ನಿಂದ ಒಂದು ಡಾಲರ್ ಕೇಳಲಿಲ್ಲ. ಹಳೆಯ ಬಾಕಿಯ ದೂರು, ಕೆಲಸಗಾರರ ಸಂಬಳದ ದೂರು ಕೇಳುವ ಸರ್ಕಾರಿ ಸಂಸ್ಥೆಯಾದ ಫೇರ್ ವರ್ಕ್ ಒಂಬುಡ್ಸ್‌ಮನ್ ಬಳಿ ಇದೆ. ಅವರ ಸಂಖ್ಯೆ 13 13 94, ಇಂಗ್ಲಿಷ್ ಕಷ್ಟವಾದರೆ ಮೊದಲು 13 14 50ಕ್ಕೆ ಕರೆಮಾಡಿ ದುಭಾಷಿಯನ್ನು ಕೇಳಬಹುದು. ಸಂಬಳದ ಬಾಕಿ ಕೇಳಲು 6 ವರ್ಷದ ಗಡುವಿದೆ. ಎಂದೋ ಕೆಲಸ ಬಿಟ್ಟು ಊರಿಗೆ ಮರಳಿದವರೂ ಆ ಗಡುವಿನೊಳಗಿದ್ದರೆ ಊರಿನಿಂದಲೇ ದೂರು ಕೊಡಬಹುದು.