ಸಿಂಗಪುರದಿಂದ ಕೌಲಾಲಂಪುರಕ್ಕೆ: ವಿಮಾನವೋ, ಬಸ್ಸೋ?

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಿಂದ ಕೌಲಾಲಂಪುರದ ವಿಮಾನ ನಿಲ್ದಾಣಕ್ಕೆ ನೇರ ಅಂತರ ಸುಮಾರು 300 ಕಿ.ಮೀ. ಅಂದರೆ ಬೆಂಗಳೂರು–ಮಂಗಳೂರು ವಿಮಾನದಷ್ಟೇ. ಟಿಕೆಟ್ಟಿನಲ್ಲಿ ಒಂದು ಗಂಟೆ ಚಿಲ್ಲರೆ ಅಂತಿದ್ದರೂ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆ ಅಷ್ಟೇ. ನೀರಿನ ಬಾಟಲಿ ಮುಚ್ಚಳ ತೆಗೆಯುವಷ್ಟರಲ್ಲಿ ಇಳಿಯುವ ಘೋಷಣೆ.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲ್ಲ. ಎರಡು ಗಂಟೆ ಮುಂಚೆ ಚಾಂಗಿ ಸೇರಬೇಕು, ಇಳಿದ ಮೇಲೆ ಇಮಿಗ್ರೇಷನ್ ಸಾಲು. ನಿಲ್ದಾಣವೋ ಊರಿಂದ ಐವತ್ತು ಕಿ.ಮೀ.ಗಿಂತ ಆಚೆ, ಸೆಪಾಂಗ್‌ನಲ್ಲಿ. ಎಕ್ಸ್‌ಪ್ರೆಸ್ ರೈಲು ಅರ್ಧ ಗಂಟೆಯಲ್ಲಿ ಊರೊಳಗಿನ ಮುಖ್ಯ ರೈಲು ನಿಲ್ದಾಣ ಕೆ.ಎಲ್. ಸೆಂಟ್ರಲ್ ಮುಟ್ಟಿಸುತ್ತೆ ನಿಜ, ಅದರ ಟಿಕೆಟ್ ಮಾತ್ರ ಅಗ್ಗವಲ್ಲ. ಮನೆಯಿಂದ ಹೋಟೆಲಿನವರೆಗೆ ಐದು ಗಂಟೆ ಹಿಡಿಯಿರಿ.

ಬಸ್ಸಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ., ಐದಾರು ಗಂಟೆ. ಅಗಲ ಸೀಟು, ಕಡಿಮೆ ದುಡ್ಡು, ಊರೊಳಗೇ ಇಳಿಸುವ ಬಸ್ಸುಗಳೂ ಇವೆ. ತಾಪತ್ರಯ ಇರುವುದು ಗಡಿಯಲ್ಲಿ: ಸಿಂಗಪುರದ ಕಡೆ ಒಮ್ಮೆ, ಮಲೇಷ್ಯಾದ ಗಡಿ ರಾಜ್ಯ ಜೊಹೊರ್ ಕಡೆ ಇನ್ನೊಮ್ಮೆ ಇಳಿದು ಪಾಸ್‌ಪೋರ್ಟ್ ತೋರಿಸಬೇಕು, ಮಲೇಷ್ಯಾ ಕಡೆ ಸೂಟ್‌ಕೇಸನ್ನೂ ಎಳೆದುಕೊಂಡು. ಶುಕ್ರವಾರ ಸಂಜೆ ಸಿಂಗಪುರದ ಗಡಿ ವುಡ್‌ಲ್ಯಾಂಡ್ಸ್ ಬಳಿ ಎರಡು ದೇಶಗಳನ್ನು ಸೇರಿಸುವ ಒಂದು ಕಿ.ಮೀ. ಸೇತುರಸ್ತೆ ದಾಟಲು ವಿಮಾನ ಹಾರುವುದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಆಶ್ಚರ್ಯವಿಲ್ಲ.

ವಯಸ್ಸಾದ ಅಪ್ಪ–ಅಮ್ಮ ಜೊತೆಗಿದ್ದರೆ ಕಣ್ಣುಮುಚ್ಚಿ ವಿಮಾನ. ಒಬ್ಬರೇ, ಬೆನ್ನಿಗೊಂದು ಬ್ಯಾಗು, ಮಂಗಳವಾರವೋ ಬುಧವಾರವೋ ಆದರೆ ನನ್ನ ಓಟು ಬಸ್ಸಿಗೆ. ಯಾವುದರಲ್ಲೇ ಹೋಗಿ, ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡ್ (ದೇಶದೊಳಗೆ ಬರುವವರ ಆನ್‌ಲೈನ್ ಅರ್ಜಿ) ಮೊದಲೇ ತುಂಬಿಡಿ. ಸಿಂಗಪುರಕ್ಕೆ ವಾಪಸ್ ಬರುವವರು ಸಿಂಗಪುರದ ವೀಸಾದಲ್ಲಿ ‘ಮಲ್ಟಿಪಲ್’ (ಒಂದಕ್ಕಿಂತ ಹೆಚ್ಚು ಸಲ ಒಳಬರಬಹುದು) ಅಂತಿದೆಯಾ ಒಮ್ಮೆ ನೋಡಿಕೊಳ್ಳಿ.