ಹಳೆಯ ಯೆಜ್ಡಿಯ ಬ್ರೇಕ್ ಕೆಲಸಕ್ಕೆ ಗಾಡಿ ಬಿಡುವವರು ದಯವಿಟ್ಟು ಇದನ್ನು ಓದಿ

ಕಲಬುರಗಿಯಲ್ಲಾಗಲಿ, ಶಹಾಬಾದ, ಚಿತ್ತಾಪುರ, ಜೇವರ್ಗಿ, ಸೇಡಂ ಕಡೆಗಳಲ್ಲಾಗಲಿ ಹಳೆಯ ಜಾವಾ, ಯೆಜ್ಡಿ, ಬುಲೆಟ್, ರಾಜದೂತ್ ಬೈಕ್ ಇಟ್ಟುಕೊಂಡಿರುವವರು, ‘ಹಳೇ ಗಾಡಿಗಳ ಸ್ಪೆಷಲಿಸ್ಟ್’ ಎಂದು ಹೇಳಿಕೊಳ್ಳುವವರ ಕೈಗೆ ಬ್ರೇಕ್ ಕೆಲಸ ಒಪ್ಪಿಸುವ ಮೊದಲು ಈ ಬರಹವನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಅಂಥ ಒಂದು ಅಂಗಡಿಯವರು ಮುಂದಿನ ಚಕ್ರದ ಬ್ರೇಕನ್ನು ಸಂಪೂರ್ಣ ಹೊಸದು ಮಾಡಿಕೊಡುತ್ತೇವೆಂದು ನನ್ನಿಂದ 6,500 ರೂಪಾಯಿ ಪಡೆದರು. ಡ್ರಮ್ಮನ್ನು (ಚಕ್ರದ ನಡುವೆ ಬ್ರೇಕ್ ಉಜ್ಜುವ ಬಟ್ಟಲು) ಕೊರೆದು ದುಂಡಗೆ ಮಾಡಲು ಲೇತ್ ಯಂತ್ರಕ್ಕೆ ಹಾಕಿದ್ದೇವೆ ಎಂದರು, ಹಾಕಿರಲಿಲ್ಲ. ಬೇರಿಂಗಿನ ಗ್ರೀಸ್ ಸೋರದಂತೆ ತಡೆಯುವ ಸೀಲ್ ಬದಲಿಸಿದ್ದೇವೆ ಎಂದರು, ಬದಲಿಸಿರಲಿಲ್ಲ. ನಿಮ್ಮದೇ ಶೂಗಳಿಗೆ (ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ಹಿಡಿಯುವ ಕಮಾನುಗಳು) ಹೊಸ ಲೈನರ್ (ಅವುಗಳ ಮೇಲಿನ ಉಜ್ಜುವ ಪಟ್ಟಿ) ಹೊಡೆಸಿದ್ದೇವೆ ಎಂದರು, ಅದು ಎಲ್ಲಕ್ಕಿಂತ ದೊಡ್ಡ ಸುಳ್ಳಾಗಿತ್ತು. ಹಣ ಹೋದುದಕ್ಕಿಂತ ಹೆಚ್ಚಾಗಿ, ಬ್ರೇಕಿನ ವಿಷಯದಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳಿದರಲ್ಲ ಎಂಬುದಕ್ಕೆ ಇವತ್ತಿಗೂ ಮೈ ಉರಿಯುತ್ತದೆ. ದೂರು ಇನ್ನೂ ನಡೆಯುತ್ತಿರುವುದರಿಂದ ಅಂಗಡಿಯ ಹೆಸರು ಬರೆಯುವುದಿಲ್ಲ, ಆದರೆ ಅವರು ಮಾಡಿದ ಕೆಲಸವನ್ನು ಒಂದೊಂದಾಗಿ ಬಿಡಿಸಿ ಬರೆಯುತ್ತೇನೆ.

ಗಾಡಿ 1976ರ ಯೆಜ್ಡಿ 250. ತಂದೆಯವರು ವಾಡಿಯಲ್ಲಿ ನೌಕರಿಯಲ್ಲಿದ್ದಾಗ ಕೊಂಡದ್ದು, ಈಗಲೂ ಚಾಲ್ತಿಯಲ್ಲಿದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳಬೇಕು, ಆರ್‌ಟಿಒ ಕಚೇರಿಯಲ್ಲಿ ಬ್ರೇಕನ್ನೂ ನೋಡುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ಅದಕ್ಕಾಗಿಯೇ ಕೆಲಸಕ್ಕೆ ಕೊಟ್ಟಿದ್ದೆ. ಟು ಸ್ಟ್ರೋಕ್ ಗಾಡಿಯಲ್ಲಿ ಎಕ್ಸಲೇಟರ್ ಬಿಟ್ಟರೂ ಎಂಜಿನ್ ಅಷ್ಟಾಗಿ ಹಿಡಿದು ನಿಲ್ಲಿಸುವುದಿಲ್ಲ, ಓಟ ಹಾಗೆಯೇ ಮುಂದುವರಿಯುತ್ತದೆ. ಆದ್ದರಿಂದ ಯೆಜ್ಡಿಗೆ ಬ್ರೇಕ್ ಸರಿಯಿಲ್ಲ ಎಂದರೆ ಅದನ್ನು ನಿಲ್ಲಿಸಲು ಬೇರೆ ದಾರಿಯೇ ಇಲ್ಲವೆಂದು ತಿಳಿಯಬೇಕು.

ಗಾಡಿ ಬಿಡುವ ದಿನ ಅಂಗಡಿಯ ಮಾಲೀಕರು ಎಷ್ಟು ಆದರದಿಂದ ಮಾತನಾಡಿದರೆಂದರೆ, ಚಹಾ ತರಿಸಿಕೊಟ್ಟು, ತಂದೆಯವರ ಆರೋಗ್ಯ ವಿಚಾರಿಸಿ, ಗಾಡಿಯ ಸುತ್ತ ಒಮ್ಮೆ ತಿರುಗಿ, “ನೀವೇನೂ ಚಿಂತಿ ಮಾಡಬ್ಯಾಡ್ರಿ ಸರ್, ಡ್ರಮ್ ಲೇತಿಗಿ ಹಾಕ್ತೀನಿ, ಹೊಸಾ ಲೈನರ್ ಹೊಡಸ್ತೀನಿ, ಸೀಲ್ ಚೇಂಜ್ ಮಾಡ್ತೀನಿ, ಒಂದ್ ಬೆರಳಿನ್ಯಾಗ ಗಾಡಿ ನಿಲ್ತದ ನೋಡ್ರಿ” ಎಂದರು. ಮೂರು ಸಾವಿರ ಮುಂಗಡ ಕೊಟ್ಟೆ. ಬಿಲ್ಲು ಕೇಳಿದಾಗ, “ಎಲ್ಲಾ ಮುಗದ ಮ್ಯಾಲ ಒಂದೇ ಸಲ ಕೊಡ್ತೀನ್ರಿ” ಎಂದು ಕ್ಯಾಲೆಂಡರಿನ ಹಾಳೆ ಹರಿದು ‘ಫ್ರಂಟ್ ಬ್ರೇಕ್ ಫುಲ್’ ಎಂದಷ್ಟೇ ಬರೆದುಕೊಟ್ಟರು. ಆ ಚೀಟಿ ಇನ್ನೂ ನನ್ನ ಬಳಿ ಇದೆ. ಗಾಡಿ ತೆಗೆದುಕೊಳ್ಳಲು ಹೋದಾಗ ಚಕ್ರ ಜೋಡಿಸಿ ಆಗಿತ್ತು, ಒಳಗೇನಿದೆಯೆಂದು ನೋಡುವ ಅವಕಾಶವೇ ಇರಲಿಲ್ಲ. ಸ್ಟ್ಯಾಂಡ್ ಮೇಲೆ ಚಕ್ರ ತಿರುಗಿಸಿ ಲಿವರ್ ಹಿಡಿದು ತೋರಿಸಿದರು, ಚಕ್ರ ಥಟ್ಟನೆ ನಿಂತಿತು. ಸ್ಟ್ಯಾಂಡ್ ಮೇಲೆ ಬರಿದೇ ತಿರುಗುವ ಚಕ್ರ ಎಂಥ ಬ್ರೇಕಿಗಾದರೂ ನಿಲ್ಲುತ್ತದೆ ಎಂಬುದನ್ನು ಓದುಗರು ದಯವಿಟ್ಟು ನೆನಪಿಡಬೇಕು. ಅದು ಪರೀಕ್ಷೆಯೇ ಅಲ್ಲ.

ರಸ್ತೆಗಿಳಿದ ಮೇಲೆ ಮೊದಲಿನಿಂದಲೇ ಲಿವರಿನಲ್ಲಿ ತಿಟಿತಿಟಿ ಎಂದು ಬೆರಳಿಗೆ ಹೊಡೆಯುವಂಥ ನಡುಕವಿತ್ತು. ಫೋನ್ ಮಾಡಿದೆ. “ಹೊಸಾ ಲೈನರ್ ಅದ ಸರ್, ಕೂಡಬೇಕಂದ್ರ ಟೈಮ್ ಬೇಕ್ರಿ. ಐನೂರು ಕಿಲೋಮೀಟರ್ ಓಡಸ್ರಿ, ತಾನೇ ಹಿಡೀತದ” ಎಂಬ ಉತ್ತರ ಬಂತು. ಈ ಮಾತಿನಲ್ಲಿ ಒಂದು ಚೂರು ನಿಜವಿದೆ, ಅದಕ್ಕಾಗಿಯೇ ಜನ ನಂಬುತ್ತಾರೆ. ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳಲು ಸ್ವಲ್ಪ ಓಡಾಟ ಬೇಕೇ ಬೇಕು. ಆದರೆ ಲಿವರಿನಲ್ಲಿ ನಡುಕ ಬರುತ್ತಿದ್ದರೆ ಅದು ಲೈನರಿನ ತಪ್ಪಲ್ಲ, ಡ್ರಮ್ಮು ದುಂಡಗಿಲ್ಲ ಎಂಬುದರ ಸೂಚನೆ. ಎಷ್ಟೇ ಕಿಲೋಮೀಟರ್ ಓಡಿಸಿದರೂ ಕಬ್ಬಿಣ ತಾನಾಗಿ ದುಂಡಗಾಗುವುದಿಲ್ಲ.

ಜೇವರ್ಗಿ ರಸ್ತೆಯಲ್ಲಿ ಕಟ್ಟಿಸಂಗಾವಿಯ ಭೀಮಾ ಸೇತುವೆಗೆ ಇನ್ನೂ ಸ್ವಲ್ಪ ದೂರವಿರುವಾಗ, ಮುಂದೆ ಹೋಗುತ್ತಿದ್ದ ಟಂಟಂ ಪ್ರಯಾಣಿಕರನ್ನು ಇಳಿಸಲು ಏಕಾಏಕಿ ನಿಂತಿತು. ಹಿಂದೆ ನನ್ನ ಅಕ್ಕನ ಮಗ ಕುಳಿತಿದ್ದ. ಲಿವರ್ ಹಿಡಿದೆ, ಒಳಗೆ ಏನೋ ಕಟ್ ಎಂದು ಸದ್ದಾಯಿತು, ಲಿವರ್ ಸೀದಾ ಹ್ಯಾಂಡಲ್ಲಿಗೆ ಬಂದು ತಾಗಿತು. ಹಿಂದಿನ ಬ್ರೇಕ್ ಒತ್ತಿ ಗಾಡಿಯನ್ನು ಪಕ್ಕದ ಮುರುಮಿಗೆ ಇಳಿಸಿದ್ದರಿಂದ ಇಬ್ಬರೂ ಉಳಿದೆವು. ಟಂಟಂನಿಂದ ಇಳಿದ ಹಿರಿಯರೊಬ್ಬರು, “ಬ್ರೇಕಿಲ್ದ ಗಾಡಿ ಯಾಕ ರೋಡಿಗಿ ತರ್ತೀರಿ? ಹಿಂದ ಹುಡುಗನ್ನ ಬ್ಯಾರೆ ಕೂಡಿಸ್ಕೊಂಡೀರಿ” ಎಂದು ಎಲ್ಲರೆದುರು ಬೈದರು. ಬ್ರೇಕಿಗೆ 6,500 ರೂಪಾಯಿ ಕೊಟ್ಟು ಬಂದವನು ನಾನು, ಅವರಿಗೆ ಏನೆಂದು ಉತ್ತರ ಕೊಡಲಿ? ತಲೆ ತಗ್ಗಿಸಿ ನಿಂತೆ.

ಅಲ್ಲಿಂದ ಗಾಡಿಯನ್ನು ಆ ಅಂಗಡಿಗೆ ಒಯ್ಯದೆ, ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಕಪನೂರ ಕೈಗಾರಿಕಾ ಪ್ರದೇಶದ ಕಡೆ ಲೇತ್ ಇಟ್ಟುಕೊಂಡಿರುವ ಪರಿಚಯದ ಹಿರಿಯ ಮಿಸ್ತ್ರಿಯೊಬ್ಬರ ಬಳಿಗೆ ಒಯ್ದೆ. ಚಕ್ರ ಬಿಚ್ಚಿ, ಶೂಗಳು ಕೂರುವ ಬ್ರೇಕ್ ಪ್ಲೇಟ್ ಹೊರತೆಗೆದ ಕೂಡಲೇ ಶೂಗಳ ನಡುವಿನಿಂದ ಒಂದು ತಗಡಿನ ತುಂಡು ನೆಲಕ್ಕೆ ಬಿತ್ತು. ಡಬ್ಬಿಯ ತಗಡು, ಒಂದು ಬದಿಗೆ ಹಳದಿ ಬಣ್ಣ ಇನ್ನೂ ಇತ್ತು. ಅದನ್ನು ಮಡಚಿ ಕ್ಯಾಮ್ (ಲಿವರ್ ಹಿಡಿದಾಗ ತಿರುಗಿ ಶೂಗಳನ್ನು ಹೊರಕ್ಕೆ ತಳ್ಳುವ ಭಾಗ) ಮತ್ತು ಶೂವಿನ ತುದಿಯ ನಡುವೆ ಸಿಕ್ಕಿಸಿದ್ದರು. ಶೂ ಡ್ರಮ್ಮಿಗೆ ಮುಟ್ಟಲು ದೂರವಾಗಿದ್ದುದರಿಂದ ಆ ಅಂತರ ತುಂಬಲು ಮಾಡಿದ ಉಪಾಯವದು. ಆ ತಗಡು ಜಾರಿದ ಗಳಿಗೆಯಲ್ಲೇ ನನ್ನ ಲಿವರ್ ಹ್ಯಾಂಡಲ್ಲಿಗೆ ಬಂದದ್ದು. ಅದು ಹೊರಗೆ ಬೀಳುವ ಬದಲು ಶೂ ಮತ್ತು ಡ್ರಮ್ಮಿನ ನಡುವೆ ಸಿಕ್ಕಿದ್ದರೆ ಮುಂದಿನ ಚಕ್ರ ಓಟದಲ್ಲೇ ಲಾಕ್ ಆಗುತ್ತಿತ್ತು, ಆಗ ಇದನ್ನು ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ ಹೇಳಲಾರೆ.

ಮಿಸ್ತ್ರಿಯವರು ನನ್ನ ಕೈ ಹಿಡಿದು ಬೆರಳನ್ನು ಡ್ರಮ್ಮಿನ ಬಾಯಿಯ ಒಳ ಅಂಚಿಗೆ ತಂದು, “ಉಗುರು ಆಡಸ್ರಿ” ಎಂದರು. ಉಗುರು ಟಕ್ಕೆಂದು ಸಿಕ್ಕಿಕೊಂಡಿತು. ವರ್ಷಾನುಗಟ್ಟಲೆ ಲೈನರ್ ಉಜ್ಜಿ ಡ್ರಮ್ಮಿನ ನಡುಭಾಗ ಸವೆದು, ಲೈನರ್ ತಾಗದ ಅಂಚು ಮಾತ್ರ ಹಾಗೇ ಎತ್ತರವಾಗಿ ಉಳಿದಿತ್ತು, ಅದರ ಮೇಲೆ ಹಳೆಯ ತುಕ್ಕು ಕಪ್ಪಾಗಿ ಕುಳಿತಿತ್ತು. ಲೇತಿಗೆ ಹಾಕಿದ್ದರೆ ಮೊದಲು ಹೋಗಬೇಕಾದದ್ದು ಆ ಅಂಚೇ ಅಲ್ಲವೇ? “ಇದಕ್ಕ ಟೂಲೇ ಮುಟ್ಟಿಲ್ರಿ” ಎಂದರು. ಡಯಲ್ ಗೇಜ್ ಇಟ್ಟು ಚಕ್ರ ತಿರುಗಿಸಿದಾಗ ಮುಳ್ಳು ಸುಮಾರು 0.4 ಮಿಲಿಮೀಟರ್ ಅತ್ತಿತ್ತ ಓಡಿತು, ಅಂದರೆ ಡ್ರಮ್ಮು ಅಷ್ಟು ವಾರೆಯಾಗಿತ್ತು. ಈ ಒಂದು ಕೆಲಸಕ್ಕೇ ಬೇರೆಯಾಗಿ 900 ರೂಪಾಯಿ ಹಿಡಿದಿದ್ದರು. ಬೆರಳನ್ನು ಆ ಅಂಚಿನ ಮೇಲೆ ಇಟ್ಟುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದೆ. ಮಾಡದ ಕೆಲಸಕ್ಕೆ ಹಣ ತೆಗೆದುಕೊಂಡು, ಚಹಾ ಕುಡಿಸಿ, ನಗುತ್ತ ಕಳಿಸಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಲೈನರಿನ ತುದಿಗೆ ಮಿಸ್ತ್ರಿಯವರು ಸಣ್ಣ ಸ್ಕ್ರೂಡ್ರೈವರ್ ತಾಗಿಸಿ ಮೆಲ್ಲಗೆ ಮೀಟಿದರೆ ಅದು ಹಳೆಯ ಗೋಡೆಯ ಸುಣ್ಣದ ಹಕ್ಕಳೆಯಂತೆ ಎದ್ದು ಬಂತು. ಅಂಟು ಎರಡು ಅಂಚುಗಳಿಗೆ ಮಾತ್ರ ಇತ್ತು. ಲೈನರ್ ಅಂಟಿಸುವ ಕೆಲಸವೆಂದರೆ, ಶೂವಿನ ಮೈಯನ್ನು ಹಳೆಯ ಅಂಟಿನ ಪೊರೆ ಉಳಿಯದಂತೆ ಉಜ್ಜಿ, ಪೂರ್ತಿ ಅಂಟು ಹಚ್ಚಿ, ಬಿಗಿಯಾಗಿ ಕಟ್ಟಿ, ಭಟ್ಟಿಯಲ್ಲಿ ಬೇಯಿಸಿ ಮಾಡುವಂಥದ್ದು. ಇಲ್ಲವೇ ರಿವೆಟ್ ಹೊಡೆಯಬೇಕು, ರಿವೆಟ್ಟಿನ ತಲೆ ಲೈನರಿನ ಒಳಗೆ ಹುದುಗಿರಬೇಕು. ಇಲ್ಲಿ ಎರಡೂ ಇರಲಿಲ್ಲ. ಲೈನರಿನ ಮೇಲೆ ನಡುವೆ ಒಂದು ಪಟ್ಟಿಯಷ್ಟು ಜಾಗ ಮಾತ್ರ ಉಜ್ಜಿ ಹೊಳೆಯುತ್ತಿತ್ತು, ಉಳಿದದ್ದು ಡ್ರಮ್ಮನ್ನು ಮುಟ್ಟಿಯೇ ಇರಲಿಲ್ಲ. ಒಂದು ಬದಿ ಗ್ರೀಸ್ ಕುಡಿದು ಕಪ್ಪಾಗಿತ್ತು, ಏಕೆಂದರೆ ಬೇರಿಂಗಿನ ಸೀಲ್ ಅದೇ ಹಳೆಯದು, ಗಟ್ಟಿಯಾಗಿ ಸೀಳಿಹೋದದ್ದು. ಗ್ರೀಸ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದರೂ ಉಪಯೋಗವಿಲ್ಲ, ಬಿಸಿಯಾದಾಗ ಒಳಗಿನಿಂದ ಮತ್ತೆ ಜಿನುಗುತ್ತದೆ. ಎರಡು ಸ್ಪ್ರಿಂಗುಗಳಲ್ಲಿ ಒಂದು ಬೇರೆ ಯಾವುದೋ ಗಾಡಿಯದು.

ಇನ್ನು ಶೂಗಳ ವಿಷಯ. ಹಿಂದೊಮ್ಮೆ ಲೈನರ್ ಹಾಕಿಸಿದಾಗ ಅದಲುಬದಲಾಗದಿರಲಿ ಎಂದು ತಂದೆಯವರು ಎರಡೂ ಶೂಗಳ ಒಳಮೈಗೆ ಅರದಿಂದ ಎರಡೆರಡು ಗೆರೆ ಕೊರೆದಿದ್ದರು. ಬಿಚ್ಚಿದ ಶೂಗಳಲ್ಲಿ ಆ ಗೆರೆಗಳಿರಲಿಲ್ಲ. ಒರಟು ಎರಕದ, ಡ್ರಮ್ಮಿನ ಬಾಗಿಗೆ ಹೊಂದದ, ಗಾತ್ರದಲ್ಲೂ ಚಿಕ್ಕದಾದ ಡೂಪ್ಲಿಕೇಟ್ ಶೂಗಳನ್ನು ಹಾಕಿ, ಚಿಕ್ಕದಾದದ್ದಕ್ಕೆ ತಗಡು ಸಿಕ್ಕಿಸಿದ್ದರು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಅಲ್ಲಿಂದ ಬಂದ ಅಸಲಿ ಸಾಮಾನಿಗೆ ಎಷ್ಟು ಬೇಡಿಕೆ ಇದೆ ಎಂಬುದು ಗಾಡಿ ಇಟ್ಟವರಿಗೆಲ್ಲ ತಿಳಿದದ್ದೇ. ನನ್ನ ಶೂಗಳು ಯಾಕೆ ಮಾಯವಾದವು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲದರ ಫೋಟೋ, ವಿಡಿಯೋ ತೆಗೆದು ವಾಟ್ಸ್ಆ್ಯಪ್ ಮಾಡಿದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಸಂಜೆ ‘ಓಕೆ ಸರ್’ ಎಂದು ಬಂತು. ಏನು ಓಕೆ? ಫೋನ್ ಮಾಡಿದರೆ, “ಹಳೇ ಗಾಡಿ ಅದ ಸರ್, ಡಿಸ್ಕ್ ಬ್ರೇಕಿನಂಗ ಹಿಡಿ ಅಂದ್ರ ಹ್ಯಾಂಗ ಹಿಡೀತದ?” ಎಂದರು. ಡ್ರಮ್ಮಿಗೆ ಟೂಲ್ ಮುಟ್ಟಿಲ್ಲವೆಂದದ್ದಕ್ಕೆ, “ಹುಡುಗ ಒಯ್ದಿದ್ದ, ಹಾಕಿಸ್ಕೊಂಡು ಬಂದೀನಿ ಅಂದ, ನಾ ಏನ್ ಹಿಂದ ಹೋಗಿ ನೋಡ್ಲೇನ್ರಿ?” ತಗಡಿನ ಬಗ್ಗೆ ಕೇಳಿದಾಗ, “ಅದು ಪ್ಯಾಕಿಂಗ್ ರಿ, ಎಲ್ಲಾರೂ ಹಾಕ್ತಾರ.” ಶೂಗಳ ಬಗ್ಗೆ ಕೇಳಿದಾಗ, “ಅವು ಗುಜರಿಗಿ ಹೋಗ್ಯಾವ.” ಕೆಲಸ ಮುಗಿದ ದಿನ ‘ನಿಮ್ಮವೇ ಶೂ’ ಎಂದವರು ಇವರೇ! ಹಣ ವಾಪಸು ಕೇಳಿದಾಗ ದನಿ ಏರಿತು: “ಯೂಟ್ಯೂಬ್ ನೋಡಿ ಬಂದು ನಮಗ ಕಲಸ್ತೀರೇನು? ಗಾಡಿ ತಂದು ಬಿಡ್ರಿ, ನೋಡೋಣ. ಲೇಬರ್ ಬ್ಯಾರೆ ಆಗ್ತದ.” ಅವರು ಕೆಡಿಸಿದ್ದನ್ನು ಸರಿಮಾಡಲು ಮತ್ತೆ ಅವರಿಗೇ ಕೂಲಿ ಕೊಡಬೇಕಂತೆ. ನಾನೇ ಅಂಗಡಿಗೆ ಹೋದಾಗ ಬೇರೆ ಗಿರಾಕಿಗಳ ಮುಂದೆ, “ಇವರಿಗಿ ಬ್ರೇಕ್ ಹಿಡಿಯಾಕ ಬರಂಗಿಲ್ಲ” ಎಂದು ಹೇಳಿ ಒಳಗೆ ಹೋದರು. ಆ ಮಾತು ಕೇಳಿಸಿಕೊಂಡು ಅಲ್ಲಿ ನಿಂತದ್ದನ್ನು ನೆನೆದರೆ ಈಗಲೂ ಅವಮಾನವಾಗುತ್ತದೆ.

ಕೆಲಸ ಹೇಗಾಗಬೇಕು ಎಂಬುದನ್ನು ಲೇತ್ ಮಿಸ್ತ್ರಿಯವರ ಬಳಿ ಎದುರಿಗೇ ಕುಳಿತು ನೋಡಿದೆ. ಕಡ್ಡಿ, ರಿಮ್ಮು ಸಮೇತ ಪೂರ್ತಿ ಚಕ್ರವನ್ನೇ ಲೇತಿಗೆ ಹಾಕಿ ಡ್ರಮ್ಮನ್ನು ದುಂಡಗೆ ಮಾಡಿದರು, ಏಕೆಂದರೆ ಕಡ್ಡಿಗಳ ಬಿಗಿತವೇ ಡ್ರಮ್ಮನ್ನು ಎಳೆದು ವಾರೆ ಮಾಡಬಲ್ಲದು, ಚಕ್ರದ ನಡುವಿನ ಹಬ್ ಅನ್ನು ಬೇರೆ ಮಾಡಿ ಕೊರೆದರೆ ಕಡ್ಡಿ ಕಟ್ಟಿದ ಮೇಲೆ ಮತ್ತೆ ಕೆಡುತ್ತದೆ. ಹೊಂದುವ ಶೂ ಹುಡುಕಿ, ದಪ್ಪ ಲೈನರ್ ಹಾಕಿಸಿ, ಅದನ್ನು ಡ್ರಮ್ಮಿನ ಹೊಸ ಅಳತೆಗೆ ಕೊರೆದು, ಡ್ರಮ್ಮಿಗೆ ಸೀಮೆಸುಣ್ಣ ಬಳಿದು ತಿರುಗಿಸಿ, ಲೈನರಿನ ಮೇಲೆ ಬಿಳಿ ಹತ್ತಿದ ಜಾಗವನ್ನಷ್ಟೇ ಉಪ್ಪುಕಾಗದದಿಂದ ಉಜ್ಜುತ್ತ, ಎಲ್ಲ ಕಡೆ ಸಮನಾಗಿ ಹತ್ತುವವರೆಗೆ ಬಿಡಲಿಲ್ಲ. ಬ್ರೇಕ್ ಹಿಡಿಯುವ ಹೊತ್ತಿಗೆ ಕ್ಯಾಮಿನ ಲಿವರ್ ಕೇಬಲ್ಲಿಗೆ ಹೆಚ್ಚುಕಡಿಮೆ 90 ಡಿಗ್ರಿಯಲ್ಲಿ ಇರುವಂತೆ ಕೂಡಿಸಿದರು. ಅದನ್ನು ದಾಟಿದಷ್ಟೂ ಕೈಯ ಬಲ ವ್ಯರ್ಥವಾಗುತ್ತದೆ, ತಗಡು ಹಾಕಿದವರಿಗೆ ಇದು ಬೇಕಿರಲಿಲ್ಲ. ಕೊನೆಗೆ ಆ್ಯಕ್ಸಲ್ ನಟ್ ಸಡಿಲವಿರುವಾಗಲೇ ಚಕ್ರ ತಿರುಗಿಸಿ, ಬ್ರೇಕ್ ಬಿಗಿಹಿಡಿದು, ಹಿಡಿದಂತೆಯೇ ನಟ್ ಬಿಗಿದರು. ಇದರಿಂದ ಪ್ಲೇಟು ಡ್ರಮ್ಮಿನ ನಡುವಿಗೆ ಸರಿಯಾಗಿ ಕೂರುತ್ತದೆ. ಈ ಕೆಲಸಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಸ್ಪೆಷಲಿಸ್ಟರಿಗೆ ಪುರುಸೊತ್ತಿರಲಿಲ್ಲ. ಈಗ ನಡುಕವಿಲ್ಲ, ಹಿಡಿದರೆ ನಿಲ್ಲುತ್ತದೆ. ಅಂದಹಾಗೆ, ಆ ಅಂಗಡಿಯಲ್ಲಿ ಡ್ರಮ್ಮಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಹಾರಿಸುವುದನ್ನು ಕಣ್ಣಾರೆ ಕಂಡಿದ್ದೇನೆ, ಪಕ್ಕದಲ್ಲೇ ಸಣ್ಣ ಹುಡುಗರು ನಿಂತಿದ್ದರು. ಹಳೆಯ ಲೈನರುಗಳಲ್ಲಿ ಹೆಚ್ಚಾಗಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸುವುದು ಅಷ್ಟು ಕಷ್ಟವೇ?

ಚಕ್ರವನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸಿ, ನಿಮ್ಮೆದುರೇ ಜೋಡಿಸಲಿ. ಒಪ್ಪದವರಿಗೆ ಗಾಡಿ ಕೊಡಬೇಡಿ. ಡ್ರಮ್ಮಿನ ಅಂಚಿಗೆ ಉಗುರು ಆಡಿಸಿ ನೋಡಿ. ಹಳೆಯ ಸಾಮಾನನ್ನು ಗುಜರಿಗೆ ಬಿಡದೆ ಕೇಳಿ ತೆಗೆದುಕೊಳ್ಳಿ. ಕ್ಯಾಲೆಂಡರಿನ ಚೀಟಿಗೆ ಒಪ್ಪಬೇಡಿ, ಮಾಡಿದ ಕೆಲಸವನ್ನು ಒಂದೊಂದಾಗಿ ಬರೆದ ಬಿಲ್ಲು ಬೇಕೆನ್ನಿ. ಸ್ಟ್ಯಾಂಡ್ ಮೇಲೆ ಚಕ್ರ ನಿಲ್ಲಿಸಿ ತೋರಿಸಿದರೆ ಹಣ ತೆಗೆಯಬೇಡಿ, ಖಾಲಿ ಮೈದಾನದಲ್ಲಿ ಓಡಿಸಿ ನೋಡಿದ ಮೇಲೆಯೇ ಕೊಡಿ. ಮೋಸ ಹೋದವರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ನಾನು ಕೊಟ್ಟಿರುವ ದೂರಿಗೆ ಆ ಚೀಟಿ, ತಗಡು, ವಾಟ್ಸ್ಆ್ಯಪ್ ಉತ್ತರಗಳು ಎಲ್ಲವನ್ನೂ ಲಗತ್ತಿಸಿದ್ದೇನೆ.

ಒಂದು ವಿನಂತಿ. ಕಲಬುರಗಿ, ಬೀದರ, ಯಾದಗಿರಿ ಕಡೆ ಯಾರಾದರೂ ನಿಮಗೆ ‘ಮೈಸೂರು ಅಸಲಿ’ ಎಂದು ಯೆಜ್ಡಿಯ ಮುಂದಿನ ಬ್ರೇಕ್ ಶೂ ಜೋಡಿಯನ್ನು ಮಾರಲು ಬಂದರೆ, ದಯವಿಟ್ಟು ಶೂವಿನ ಒಳಮೈ ತಿರುಗಿಸಿ ನೋಡಿ. ಅರದಿಂದ ಕೊರೆದ ಎರಡೆರಡು ಗೆರೆಗಳಿದ್ದರೆ ಕೊಳ್ಳಬೇಡಿ, ಫೋಟೋ ತೆಗೆದು, ಯಾವ ಅಂಗಡಿ, ಎಷ್ಟು ಬೆಲೆ ಹೇಳಿದರು ಎಂಬುದನ್ನು ನನಗೆ ತಿಳಿಸಿ. ಅದನ್ನೂ ದೂರಿಗೆ ಸೇರಿಸುತ್ತೇನೆ.